ಉಪಾಧ್ಯಾಯನಿಗೆ ಬಿಟ್ಟ ಭೂಮಿ: ಕನ್ನಡ ನಾಡಿನ ಶಾಸನಗಳಲ್ಲಿ ವಿದ್ಯಾದಾನದ ವ್ಯವಸ್ಥೆ

ಕನ್ನಡ ನಾಡಿನ ಪ್ರಾಚೀನ ವಿದ್ಯಾಕೇಂದ್ರಗಳ ಬಗೆಗೆ ಬರೆಯುವಾಗ ಸಾಮಾನ್ಯವಾಗಿ ಅಲ್ಲಿ ಕಲಿಸುತ್ತಿದ್ದ ಶಾಸ್ತ್ರಗಳ ಪಟ್ಟಿಯನ್ನೂ ಅಲ್ಲಿದ್ದ ವಿದ್ವಾಂಸರ ಪ್ರಶಂಸೆಯನ್ನೂ ಮುಂದಿಡುವುದು ವಾಡಿಕೆ. ಆದರೆ ಶಾಸನಗಳು ಮುಖ್ಯವಾಗಿ ದಾನಪತ್ರಗಳು. ಯಾರು, ಯಾರಿಗೆ, ಯಾವ ಕಾರ್ಯಕ್ಕಾಗಿ, ಎಷ್ಟು ಭೂಮಿಯನ್ನು ಅಥವಾ ಹೊನ್ನನ್ನು ಬಿಟ್ಟರು ಎಂಬುದೇ ಅವುಗಳ ಹೃದಯಭಾಗ. ಪ್ರಶಸ್ತಿಭಾಗ ಕವಿಯದು, ದಾನಭಾಗ ಸೇನಬೋವನದು. ಸಾಹಿತ್ಯದ ವಿದ್ಯಾರ್ಥಿಗಳು ಮೊದಲನೆಯದನ್ನು ಓದಿ ಎರಡನೆಯದನ್ನು ಬಿಟ್ಟುಬಿಡುವುದರಿಂದ ಒಂದು ಮುಖ್ಯ ಪ್ರಶ್ನೆ ಮರೆಯಲ್ಲಿಯೇ ಉಳಿದಿದೆ. ಕಲಿಸುವವನು ಏನನ್ನು ಉಂಡು ಬದುಕಿದ? ರಾತ್ರಿಯ ಓದಿಗೆ ದೀಪದ ಎಣ್ಣೆಯನ್ನು ಕೊಟ್ಟವರು ಯಾರು? ಓಲೆಗರಿಗಳನ್ನು ಕಾಯುವವನಿಗೆ ಜೀವನಾಧಾರ ಯಾವುದು? ಈ ಪ್ರಶ್ನೆಗಳಿಗೆ ಶಾಸನಗಳು ಅಂಕಿಅಂಶಗಳ ಸಮೇತ ಉತ್ತರ ಕೊಡುತ್ತವೆ.

ವಿದ್ಯೆಯನ್ನು ಮಾರಬಾರದು ಎಂಬುದು ಭಾರತೀಯ ಧರ್ಮಪರಂಪರೆಗಳೆಲ್ಲದರ ಆಶಯ. ಮಾರಬಾರದೆಂದರೆ ಕಲಿಸುವವನ ಹೊಟ್ಟೆಯ ಹೊಣೆಯನ್ನು ಮತ್ತೊಬ್ಬರು ಹೊರಬೇಕಾಗುತ್ತದೆ. ಈ ಹೊಣೆಯನ್ನು ಹೊರುವ ಕ್ರಮವೇ ವಿದ್ಯಾದಾನ. ಇಲ್ಲಿ ‘ದಾನ’ ಎಂಬ ಪದಕ್ಕೆ ಎರಡು ಮುಖಗಳಿವೆ. ಉಪಾಧ್ಯಾಯನು ವಿದ್ಯಾರ್ಥಿಗೆ ಕೊಡುವುದೂ ದಾನ. ಆತ ಹಾಗೆ ಕೊಡುವುದಕ್ಕೆ ಅನುವಾಗಲೆಂದು ಅರಸ, ಮಂತ್ರಿ, ವರ್ತಕ ಅಥವಾ ಊರಿನ ಮಹಾಜನರು ಬಿಡುವ ಭೂಮಿಯೂ ದಾನ. ಎರಡನೆಯದು ತಪ್ಪಿದರೆ ಮೊದಲನೆಯದು ನಿಲ್ಲುತ್ತದೆ.

ಪರಿಭಾಷೆ

ಶಾಸನಗಳಲ್ಲಿ ವಿದ್ಯಾಸ್ಥಾನಗಳನ್ನು ಘಟಿಕಾಸ್ಥಾನ, ಅಗ್ರಹಾರ, ಬ್ರಹ್ಮಪುರಿ, ಮಠ, ಶಾಲೆ ಎಂಬ ಹೆಸರುಗಳಿಂದ ಕರೆಯಲಾಗಿದೆ. ಘಟಿಕೆಯ ಕೀರ್ತಿ ಕನ್ನಡ ನಾಡಿಗೆ ಹಳೆಯದು. ಕದಂಬ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದನೆಂದು ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನ ತಿಳಿಸುತ್ತದೆ. ಬೋಧನೆಗಾಗಿ ಬಿಟ್ಟ ಉತ್ಪತ್ತಿಗೆ ‘ವೃತ್ತಿ’ ಎಂಬುದು ಸಾಮಾನ್ಯ ಹೆಸರು. ಭಟ್ಟರಿಗೆ ಬಿಟ್ಟದ್ದು ಭಟ್ಟವೃತ್ತಿ, ಅಕ್ಷರ ಕಲಿಸುವವನಿಗೆ ಬಿಟ್ಟದ್ದು ಅಕ್ಕರಿಗವೃತ್ತಿ. ಒಂದೊಂದು ವೇದ ಅಥವಾ ಶಾಸ್ತ್ರದ ಪಾಠವಿಭಾಗಕ್ಕೆ ‘ಖಂಡಿಕ’ ಎನ್ನುತ್ತಿದ್ದರು. ಎಳೆಯ ಮಕ್ಕಳ ಪಾಠ ‘ಬಾಲಶಿಕ್ಷೆ’. ಭೂಮಿಯ ಅಳತೆ ನಿವರ್ತನ, ಮತ್ತರು. ನಾಣ್ಯ ಗದ್ಯಾಣ, ಪಣ. ಈ ಶಬ್ದಗಳ ವೈವಿಧ್ಯವನ್ನು ಗಮನಿಸಿದರೆ ಬೋಧನೆಗೆ ನೆರವು ನೀಡುವುದು ಆಗೊಮ್ಮೆ ಈಗೊಮ್ಮೆ ನಡೆದ ಔದಾರ್ಯವಾಗಿರದೆ, ತನ್ನದೇ ಪರಿಭಾಷೆಯನ್ನು ಬೆಳೆಸಿಕೊಂಡ ವ್ಯವಸ್ಥೆಯಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಸಾಲೋಟಗಿ: ಮದುವೆಯ ಮನೆಯಿಂದ ಶಾಲೆಗೆ ಪಾಲು

ಈ ವ್ಯವಸ್ಥೆಯನ್ನು ಅದರ ಪೂರ್ಣರೂಪದಲ್ಲಿ ತೋರಿಸುವ ದಾಖಲೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಕ್ರಿ.ಶ. 945ರಲ್ಲಿ, ಆತನ ಮಂತ್ರಿ ನಾರಾಯಣನು ಪಾವಿಟ್ಟಗೆ ಎಂಬ ಊರಿನಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಆ ಶಾಲೆಯ ಕೀರ್ತಿ ಊರಿನ ಹೆಸರಿನೊಳಗೇ ಸೇರಿಕೊಂಡಿತು. ಶಾಲೆಯ ಪಾವಿಟ್ಟಗೆಯೇ ಕಾಲಕ್ರಮದಲ್ಲಿ ಸಾಲೋಟಗಿಯಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಇಲ್ಲಿ ಸೇರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು, ಅವರ ಪೋಷಣೆಗೆ 500 ನಿವರ್ತನ ಭೂಮಿ, ದೀಪಕ್ಕಾಗಿ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಎಂದು ಶಾಸನ ಬಿಡಿಬಿಡಿಯಾಗಿ ನಮೂದಿಸುತ್ತದೆ.

ಇಲ್ಲಿ ಗಮನಿಸಬೇಕಾದ ಮೊದಲನೆಯ ಸಂಗತಿ ಲೆಕ್ಕದ ವಿಂಗಡಣೆ. ಇಡೀ ಶಾಲೆಗೆ ಇಷ್ಟು ಎಂದು ಒಟ್ಟಾಗಿ ಕೊಟ್ಟಿಲ್ಲ. ಒಟ್ಟಾಗಿ ಕೊಟ್ಟರೆ ಬರಗಾಲದ ವರ್ಷದಲ್ಲಿ ಮೊದಲು ಆರುವುದು ದೀಪ ಎಂಬುದು ದಾನಿಗಳಿಗೆ ತಿಳಿದಿತ್ತು. ಆದುದರಿಂದ ದೀಪದ ಭೂಮಿ ದೀಪಕ್ಕೆ, ಉಪಾಧ್ಯಾಯನ ಭೂಮಿ ಉಪಾಧ್ಯಾಯನಿಗೆ ಎಂದು ಗೆರೆ ಎಳೆದಿದ್ದಾರೆ. ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಊರಿನಲ್ಲಿ ಮದುವೆಯಾದಾಗ ಐದು ಪುಷ್ಪಗಳನ್ನೂ ಉಪನಯನದಲ್ಲಿ ಅದರ ಅರ್ಧವನ್ನೂ ಚೌಲದಲ್ಲಿ ಅದರ ಕಾಲುಭಾಗವನ್ನೂ ಶಾಲೆಗೆ ಕೊಡಬೇಕೆಂಬ ಕಟ್ಟಳೆ ಇದೆ. ಪುಷ್ಪ ಎಂಬುದು ಅಂದಿನ ನಾಣ್ಯ. ಊರಿನಲ್ಲಿ ಔತಣ ನಡೆದರೆ ಶಾಲೆಯವರಿಗೂ ಯಥಾಶಕ್ತಿ ಊಟವಿಡಬೇಕು. ರಾಜಧಾನಿಯ ಮಂತ್ರಿ ಶಾಲೆಯನ್ನು ಕಟ್ಟಿಸಬಹುದು. ಆದರೆ ಅದು ನಡೆಯಬೇಕಾದರೆ ಊರಿನ ಪ್ರತಿಯೊಂದು ಮನೆಯ ಸಂತೋಷದಲ್ಲಿ ಅದಕ್ಕೊಂದು ಪಾಲು ಇರಬೇಕೆಂಬ ತಿಳಿವಳಿಕೆ ಈ ಕಟ್ಟಳೆಯ ಹಿಂದಿದೆ. ಭೂಮಿಯ ಉತ್ಪನ್ನ ಮಳೆಯನ್ನು ನಂಬಿದೆ, ಮದುವೆಗಳು ಪ್ರತಿವರ್ಷವೂ ನಡೆಯುತ್ತವೆ.

ನಾಗಾವಿ: ಪುಸ್ತಕ ಕಾಯುವವರಿಗೂ ವೃತ್ತಿ

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಸಮೀಪದ ನಾಗಾವಿಯ ಘಟಿಕಾಶಾಲೆ ಇದಕ್ಕಿಂತ ಸುಮಾರು ಒಂದು ಶತಮಾನ ಈಚಿನದು. ಕಲ್ಯಾಣ ಚಾಲುಕ್ಯ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಇದನ್ನು ಸ್ಥಾಪಿಸಿದನೆಂದು ಕ್ರಿ.ಶ. 1058ರ ಶಾಸನ ತಿಳಿಸುತ್ತದೆ. ವೇದವನ್ನೂ ಶಾಸ್ತ್ರವನ್ನೂ ಕಲಿಯುವ ಸುಮಾರು ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಇಲ್ಲಿ ಅನ್ನ ಮತ್ತು ವಸತಿಯ ಏರ್ಪಾಡಿತ್ತು. ವೇದಪಾಠಕ್ಕೆ ಬೇರೆ ಉಪಾಧ್ಯಾಯರು, ಭಾಟ್ಟದರ್ಶನ, ನ್ಯಾಸ, ಪ್ರಾಭಾಕರಗಳನ್ನು ವ್ಯಾಖ್ಯಾನಿಸುವವರು ಬೇರೆ.

ನಾಗಾವಿಯ ವೈಶಿಷ್ಟ್ಯ ಇರುವುದು ಆರು ಮಂದಿ ‘ಸರಸ್ವತೀ ಭಂಡಾರಿಗ’ರಲ್ಲಿ. ಇವರು ಗ್ರಂಥಭಂಡಾರವನ್ನು ನೋಡಿಕೊಳ್ಳುವವರು. ಬೋಧಕರಂತೆಯೇ ಇವರಿಗೂ ಭೂಮಿಯನ್ನು ಬಿಡಲಾಗಿದೆ. ಓಲೆಗರಿಯ ಗ್ರಂಥ ತಾನಾಗಿಯೇ ಉಳಿಯುವ ವಸ್ತುವಲ್ಲ. ಅದನ್ನು ಎಣ್ಣೆ ಹಚ್ಚಿ ಒರೆಸಬೇಕು, ಹುಳು ಬೀಳದಂತೆ ಕಾಯಬೇಕು, ಸವೆದ ಗರಿಯನ್ನು ಹೊಸದಾಗಿ ಪ್ರತಿಮಾಡಬೇಕು, ಕೊಟ್ಟದ್ದನ್ನು ಮರಳಿ ಪಡೆಯಬೇಕು. ಈ ಕೆಲಸವನ್ನು ಉಪಾಧ್ಯಾಯನ ಬಿಡುವಿನ ವೇಳೆಗೆ ಒಪ್ಪಿಸದೆ ಆರು ಮಂದಿಯ ಪೂರ್ಣಕಾಲದ ಕಾಯಕವೆಂದು ಎಣಿಸಿದ್ದು ಆ ಕಾಲದ ದಾನಿಯ ವಿವೇಕಕ್ಕೆ ಸಾಕ್ಷಿ. ಇಂದಿನ ಅನೇಕ ಶಾಲೆಗಳಲ್ಲಿ ಪುಸ್ತಕಗಳಿದ್ದೂ ಗ್ರಂಥಪಾಲಕರಿಲ್ಲದ ಸ್ಥಿತಿಯನ್ನು ಬಲ್ಲವರಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಬಾಲಶಿಕ್ಷೆ

ಉನ್ನತ ಶಾಸ್ತ್ರಗಳ ಬೋಧಕರಿಗೆ ದಾನಿಗಳು ದೊರೆಯುವುದು ಸುಲಭ. ಅದರಿಂದ ಕೀರ್ತಿಯೂ ಉಂಟು. ಅಕ್ಷರ ಕಲಿಸುವವನ ಪಾಡು ಎಲ್ಲ ಕಾಲದಲ್ಲಿಯೂ ಬೇರೆಯೇ. ಆದರೂ ಶಾಸನಗಳು ಅವನನ್ನು ಸಂಪೂರ್ಣ ಮರೆತಿಲ್ಲ. ಹನ್ನೆರಡನೆಯ ಶತಮಾನದ ತಾಳಗುಂದದ ಅಗ್ರಹಾರದಲ್ಲಿ ವೇದಗಳ ಖಂಡಿಕಗಳೊಂದಿಗೆ, ವ್ಯಾಕರಣ, ಪ್ರಾಭಾಕರ, ವೇದಾಂತಗಳ ಪಾಠದೊಂದಿಗೆ ಕನ್ನಡದ ಅಕ್ಷರಶಿಕ್ಷೆಗೂ ಏರ್ಪಾಡಿತ್ತು, ಅಡುಗೆಯವರಿಗೂ ಪಾಲಿತ್ತು. ಹೊಯ್ಸಳ ಮೂರನೆಯ ನರಸಿಂಹನ ಮಂತ್ರಿ ಪೆರುಮಾಳೆ ದಣ್ಣಾಯಕನು ಕ್ರಿ.ಶ. 1290ರಲ್ಲಿ ತಿರುಮಕೂಡಲು ಸೀಮೆಯ ಮಾಯಿಲಂಗೆಯಲ್ಲಿ ಬಿಟ್ಟ ದತ್ತಿ ಇನ್ನೂ ಕುತೂಹಲಕರ. ಅದರಲ್ಲಿ ಋಗ್ವೇದದ ಖಂಡಿಕದ ಜೊತೆಗೆ ಬಾಲಕರಿಗೆ ನಾಗರ, ಕನ್ನಡ, ತಿಗುಳ, ಆರ್ಯ ಅಕ್ಷರಗಳನ್ನು ಕಲಿಸುವವರಿಗೆ ಅವಕಾಶ ಮಾಡಲಾಗಿದೆ. ತಿಗುಳವೆಂದರೆ ತಮಿಳು, ಆರ್ಯವೆಂದರೆ ಮರಾಠಿ. ಕಾವೇರಿಯ ದಡದ ಒಂದು ಅಗ್ರಹಾರದಲ್ಲಿ ಮಕ್ಕಳು ನಾಲ್ಕು ಬಗೆಯ ಅಕ್ಷರಗಳನ್ನು ಕಲಿಯುತ್ತಿದ್ದರು. ಹೊಯ್ಸಳ ರಾಜ್ಯ ಒಂದೆಡೆ ತಮಿಳು ನಾಡನ್ನೂ ಇನ್ನೊಂದೆಡೆ ಸೇವುಣರ ಸೀಮೆಯನ್ನೂ ಮುಟ್ಟಿದ್ದ ಕಾಲದಲ್ಲಿ ಲೆಕ್ಕ ಬರೆಯುವವನಿಗೂ ಓಲೆ ಓದುವವನಿಗೂ ಈ ನಾಲ್ಕೂ ಬೇಕಾಗಿದ್ದವು. ದಾನವು ಧರ್ಮಕಾರ್ಯವಾಗಿದ್ದರೂ ಪಾಠಕ್ರಮವು ಲೋಕವ್ಯವಹಾರವನ್ನು ಬಿಟ್ಟಿರಲಿಲ್ಲ.

ಮಠದಲ್ಲಿ ಶಾಕಟಾಯನ

ಬಳ್ಳಿಗಾವೆಯ ಕೋಡಿಯ ಮಠದ ಕ್ರಿ.ಶ. 1162ರ ಶಾಸನ ಕಲಚುರಿ ಬಿಜ್ಜಳನ ಕಾಲದ್ದು. ಕಾಳಾಮುಖ ಶೈವಪಂಥದ ಈ ಮಠದ ಆಚಾರ್ಯನಾಗಿ ಆಗ ವಾಮಶಕ್ತಿ ಇದ್ದನು. ಸಾಂಗವೇದಗಳು, ಷಡ್ದರ್ಶನಗಳು, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳೊಂದಿಗೆ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ಪಾಠವೂ ಇಲ್ಲಿ ನಡೆಯುತ್ತಿತ್ತು. ಬೌದ್ಧ ದರ್ಶನವೂ ಪಟ್ಟಿಯಲ್ಲಿದೆ. ಶಾಕಟಾಯನನು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಪಂಥದ ಜೈನ ವೈಯಾಕರಣ. ತನ್ನ ಶಬ್ದಾನುಶಾಸನಕ್ಕೆ ತಾನೇ ಬರೆದ ವೃತ್ತಿಗೆ ಅರಸನ ಹೆಸರಿನಿಂದ ಅಮೋಘವೃತ್ತಿಯೆಂದು ಹೆಸರಿಟ್ಟವನು. ಆ ಹೆಸರಿನ ವ್ಯಾಕರಣ ಮೂರು ಶತಮಾನಗಳ ಅನಂತರ ಒಂದು ಶೈವಮಠದ ಪಾಠಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿ ಗಮನಿಸಬೇಕಾದ ವಿಷಯ. ವಾದದ ವೇದಿಕೆಯಲ್ಲಿ ಪರಸ್ಪರ ಎದುರಾಳಿಗಳಾಗಿದ್ದ ಪಂಥಗಳು ಪಾಠದ ಮನೆಯಲ್ಲಿ ಒಂದೇ ಗ್ರಂಥವನ್ನು ಬಿಚ್ಚಿಕೊಂಡು ಕೂರುತ್ತಿದ್ದವು.

ಇದೇ ಮಠವು ದೀನರಿಗೂ ಅನಾಥರಿಗೂ ಕುಂಟರು ಕುರುಡರು ಕಿವುಡರಿಗೂ ಅನ್ನಕೊಡುವ ಸ್ಥಾನವಾಗಿತ್ತು, ರೋಗಿಗಳಿಗೆ ಔಷಧ ನೀಡುವ ತಾಣವಾಗಿತ್ತು, ನಾನಾ ಪಂಥದ ತಪಸ್ವಿಗಳ ತಂಗುದಾಣವಾಗಿತ್ತು. ಬಿಜ್ಜಳನ ಕಾಲದ್ದೇ ಆದ ಮನಗೂಳಿಯ ಶಾಸನದಲ್ಲಿಯೂ ಕೌಮಾರ ವ್ಯಾಕರಣವನ್ನು ವ್ಯಾಖ್ಯಾನಿಸುವವನಿಗೆ ಭೂಮಿಯನ್ನು ಬಿಟ್ಟ ಉಲ್ಲೇಖವಿದೆ. ಕೌಮಾರವು ಪಾಣಿನೀಯಕ್ಕಿಂತ ಸುಲಭವಾದ ಮಾರ್ಗ. ಹೊಸದಾಗಿ ಕಲಿಯುವವನನ್ನು ಗಮನದಲ್ಲಿಟ್ಟು ದಾನಿಯು ನಿರ್ದಿಷ್ಟ ಪಾಠಕ್ಕೇ ನೆರವು ಕೊಟ್ಟಿದ್ದಾನೆ.

ಶಾಸ್ತ್ರದಾನ

ಜೈನ ಪರಂಪರೆಯಲ್ಲಿ ಈ ವ್ಯವಸ್ಥೆ ಒಂದು ವಿಶಿಷ್ಟ ಸಮಸ್ಯೆಯನ್ನು ಎದುರಿಸಿತು. ಅಲ್ಲಿ ಪರಮಗುರುವೆಂದರೆ ಅಪರಿಗ್ರಹವ್ರತವನ್ನು ಕೈಗೊಂಡ ಮುನಿ. ಏನನ್ನೂ ತನ್ನದೆನ್ನದ ಗುರುವಿಗೆ ವೃತ್ತಿಯನ್ನು ಬಿಡುವುದು ಹೇಗೆ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯದ ದಾನವನ್ನು ಆಹಾರ, ಔಷಧ, ಉಪಕರಣ, ಆವಾಸ ಎಂದು ನಾಲ್ಕಾಗಿ ಹೇಳಿದೆ. ಉಪಕರಣದಲ್ಲಿ ಶಾಸ್ತ್ರಗ್ರಂಥವೂ ಸೇರಿದೆ. ಮುಂದೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನದ ಕಲ್ಪನೆ ಕನ್ನಡ ಶಾಸನಗಳಲ್ಲಿ ಮನೆಮಾತಾಯಿತು. ಶ್ರಾವಕ ಶ್ರಾವಕಿಯರ ಬಿರುದುಗಳಲ್ಲಿಯೂ ಅದು ಸೇರಿತು. ಈ ಎರಡು ಪಟ್ಟಿಗಳಲ್ಲಿಯೂ ಹೊನ್ನಿಲ್ಲ, ಹೊಲವಿಲ್ಲ. ಗುರುವಿಗೆ ಕೊಡುವುದೆಲ್ಲ ಆ ದಿನದ ಅನ್ನ, ಆ ದೇಹದ ಔಷಧ, ಆ ಪಾಠದ ಗ್ರಂಥ, ಆ ಮಳೆಗಾಲದ ಆಶ್ರಯ. ಶಾಸ್ತ್ರದಾನಕ್ಕೆ ದೃಷ್ಟಾಂತವಾಗಿ ಸಮಂತಭದ್ರರು ಹೆಸರಿಸಿದ ಕೌಂಡೇಶನು ಪೂರ್ವಜನ್ಮದಲ್ಲಿ ಒಬ್ಬ ಗೋವಳ. ಮರದ ಪೊಟರೆಯಲ್ಲಿ ದೊರೆತ ಗ್ರಂಥವನ್ನು ಕಾಪಾಡಿ ಮುನಿಗೆ ಒಪ್ಪಿಸಿದ್ದೇ ಅವನ ದಾನ. ವಿದ್ಯೆಗೆ ನೆರವಾಗಲು ಅರಸನೇ ಆಗಬೇಕಿಲ್ಲವೆಂಬುದು ಆ ಕಥೆಯ ಧ್ವನಿ.

ಈ ದಾನಕ್ಕೆ ಕನ್ನಡ ನಾಡಿನ ಅತ್ಯುಜ್ಜ್ವಲ ನಿದರ್ಶನ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆಕೆಯ ಕೀರ್ತಿಯನ್ನು ಕ್ರಿ.ಶ. 993ರ ರನ್ನನ ಅಜಿತಪುರಾಣವೂ 1007ರ ಲಕ್ಕುಂಡಿಯ ಶಾಸನವೂ ಸಾರುತ್ತವೆ. ಸಾಮಾನ್ಯವಾಗಿ ಇದನ್ನು ಭಕ್ತಿಯ ಕಾರ್ಯವೆಂದೂ ಸಾಹಿತ್ಯಪ್ರೇಮವೆಂದೂ ವರ್ಣಿಸುತ್ತಾರೆ. ಅದನ್ನು ಶಿಕ್ಷಣದ ದೃಷ್ಟಿಯಿಂದಲೂ ನೋಡಬೇಕು. ಒಂದು ಚಂಪೂಕಾವ್ಯದ ಸಾವಿರ ಪ್ರತಿಗಳೆಂದರೆ ಓಲೆ ಹದಮಾಡುವವರು, ಕಂಠ ಹಿಡಿದು ಬರೆಯುವವರು, ತಿದ್ದುವವರು ಎಷ್ಟೋ ಕಾಲ ದುಡಿದ ಕೆಲಸ. ಅಷ್ಟು ಪ್ರತಿಗಳು ಬಸದಿಗಳಿಗೂ ಓದುವವರ ಮನೆಗಳಿಗೂ ಸೇರಿದಾಗ ಅಷ್ಟು ಕಡೆ ಪಾಠ ಸಾಧ್ಯವಾಗುತ್ತದೆ. ಬೋಧಕನಿಗೆ ಭೂಮಿ ಕೊಡುವ ಬದಲು ಬೋಧನೆಯ ಸಾಮಗ್ರಿಯನ್ನೇ ನಾಡಿನಲ್ಲಿ ಹರಡಿದ ಯೋಜನೆ ಅದು. ಮೂಡುಬಿದಿರೆಯಲ್ಲಿ ಉಳಿದುಬಂದ ಮಹಾಬಂಧದ ಪ್ರತಿಯೂ ಇಂಥದೇ ದಾನದ ಫಲ. ಶಾಂತಿಸೇನನ ಪತ್ನಿ ಮಲ್ಲಿಕಬ್ಬೆ ಶ್ರೀಪಂಚಮೀ ನೋಂಪಿಯ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘಣಂದಿ ಮುನಿಗೆ ಒಪ್ಪಿಸಿದಳು. ಆಕೆ ನೋಂತ ಫಲವಾಗಿ ಷಟ್ಖಂಡಾಗಮದ ಒಂದು ಮುಖ್ಯ ಭಾಗ ಇಂದಿಗೂ ಓದಿಗೆ ದೊರೆಯುತ್ತದೆ.

ಹಾಗೆಂದು ಬಸದಿಗಳಿಗೆ ಭೂದಾನ ನಡೆಯಲಿಲ್ಲವೆಂದಲ್ಲ. ಗಂಗರ ಕಾಲದಿಂದಲೂ ಜಿನಾಲಯಗಳ ಜೀರ್ಣೋದ್ಧಾರಕ್ಕೂ ಋಷಿಸಮುದಾಯದ ಆಹಾರದಾನಕ್ಕೂ ಊರುಗಳನ್ನೇ ಬಿಟ್ಟದ್ದುಂಟು. ಆಚಾರ್ಯರ ಕಾಲು ತೊಳೆದು ಧಾರಾಪೂರ್ವಕವಾಗಿ ದತ್ತಿಯನ್ನು ಒಪ್ಪಿಸುತ್ತಿದ್ದರು. ಹೊಯ್ಸಳರ ಭಂಡಾರಿ ಹುಳ್ಳನು ಕೊಪಣದಲ್ಲಿ ಇಪ್ಪತ್ತನಾಲ್ಕು ಮುನಿಗಳ ಸಂಘಕ್ಕೆ ದಾನವು ನಿರಂತರವಾಗಿ ನಡೆಯಲೆಂದು ಹೊನ್ನು ಕೊಟ್ಟು ಭೂಮಿಯನ್ನು ಕೊಂಡು ಬಿಟ್ಟನು. ವ್ರತದ ಪ್ರಕಾರ ಭೂಮಿಯ ಒಡೆತನ ದೇವರದು, ನಿರ್ವಹಣೆ ಆಚಾರ್ಯಪರಂಪರೆಯದು, ಅನುಭವ ಸಂಘದ್ದು. ಈ ಸೂಕ್ಷ್ಮ ವ್ಯವಸ್ಥೆಯಲ್ಲಿ ಒಂದು ಅಪಾಯವೂ ಇತ್ತು. ನಿರ್ವಹಿಸುವ ಕೈ ಕಾಲಕ್ರಮದಲ್ಲಿ ಒಡೆಯನ ಕೈಯಾಗಬಹುದು. ದತ್ತಿಯಿಲ್ಲದಿದ್ದರೆ ವಿದ್ಯೆ ಉಳಿಯದು, ದತ್ತಿ ಹೆಚ್ಚಾದರೆ ವೈರಾಗ್ಯ ಉಳಿಯದು ಎಂಬ ಇಕ್ಕಟ್ಟನ್ನು ಜೈನ ಮಠಗಳು ಮಾತ್ರವಲ್ಲ, ಎಲ್ಲ ಪಂಥದ ಮಠಗಳೂ ಅನುಭವಿಸಿದವು.

ದಾನಪತ್ರದ ಅಂಗಗಳು

ಈ ಬಗೆಯ ಶಾಸನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳಲ್ಲಿ ಐದು ಅಂಗಗಳು ಸ್ಪಷ್ಟವಾಗಿ ಕಾಣುತ್ತವೆ. ಮೊದಲನೆಯದು ಬಿನ್ನಪ. ಅಧಿಕಾರಿಯೋ ಮಹಾಜನರೋ ಅರಸನಲ್ಲಿ ಬಿನ್ನವಿಸಿ ದತ್ತಿಯನ್ನು ಪಡೆಯುತ್ತಾರೆ. ದಾನ ತಾನಾಗಿ ಬಂದು ಬೀಳುವುದಿಲ್ಲ. ಯಾರೋ ಒಬ್ಬರು ಅಗತ್ಯವನ್ನು ಗುರುತಿಸಿ, ಕೊಡಬಲ್ಲವನನ್ನು ಅರಿತು, ತಕ್ಕ ಸಮಯದಲ್ಲಿ ಕೇಳಬೇಕು. ಗ್ರಹಣ, ಸಂಕ್ರಾಂತಿ, ಜಯೋತ್ಸವ ಇವು ಕೇಳುವ ಕಾಲಗಳು. ಎರಡನೆಯದು ವಿನಿಯೋಗ. ಉಪಾಧ್ಯಾಯ, ವಿದ್ಯಾರ್ಥಿ, ದೀಪ, ಗ್ರಂಥ, ಅಡುಗೆ ಎಂದು ಬಾಬುವಾರು ಹಂಚಿಕೆ. ಮೂರನೆಯದು ಸೀಮೆ. ಬಿಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹಳ್ಳ, ಮರ, ನೆಟ್ಟ ಕಲ್ಲುಗಳ ಮೂಲಕ ಹೇಳುವುದು. ನಾಲ್ಕನೆಯದು ಪಾಲಕರು. ಅಗ್ರಹಾರದಲ್ಲಿ ಮಹಾಜನರು, ಮಠದಲ್ಲಿ ಸ್ಥಾನಾಚಾರ್ಯ, ಪಟ್ಟಣದಲ್ಲಿ ನಗರದವರು ದತ್ತಿಯನ್ನು ಪ್ರತಿಪಾಲಿಸಬೇಕು. ಐದನೆಯದು ಶಾಪಾಶಯ. ಇದನ್ನು ಕೆಡಿಸಿದವನಿಗೆ ಘೋರಪಾಪದ ಬೆದರಿಕೆ, ಕಾಪಾಡಿದವನಿಗೆ ಕೊಟ್ಟವನಿಗಿಂತ ಹೆಚ್ಚಿನ ಪುಣ್ಯದ ಆಶ್ವಾಸನೆ.

ಶಾಪವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ದಾನಿ ಸತ್ತ ಮೇಲೆ, ರಾಜವಂಶವೇ ಬದಲಾದ ಮೇಲೆ, ದತ್ತಿಯನ್ನು ಜಾರಿಯಲ್ಲಿಡುವ ನ್ಯಾಯಾಲಯ ಯಾವುದಿತ್ತು? ಮುಂದಿನ ಅರಸನ ಅಂತಃಸಾಕ್ಷಿಯನ್ನು ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಕಲ್ಲಿನ ಮೇಲೆ, ಎಲ್ಲರೂ ಓಡಾಡುವ ಜಾಗದಲ್ಲಿ, ಕತ್ತೆಯ ಚಿತ್ರದ ಸಮೇತ ಕೆತ್ತಿದ ಶಾಪ ಆ ಅಂತಃಸಾಕ್ಷಿಯನ್ನು ಎಚ್ಚರವಾಗಿಡುವ ಪ್ರಯತ್ನ. ದಾನಕ್ಕಿಂತ ಪಾಲನೆ ದೊಡ್ಡದು ಎಂಬ ಮಾತಿನಲ್ಲಿ ಆಡಳಿತದ ಆಳವಾದ ಅನುಭವವಿದೆ. ಹೊಸ ಶಾಲೆಯನ್ನು ತೆರೆದು ಹೆಸರು ಪಡೆಯಲು ಬಯಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ, ಮತ್ತೊಬ್ಬನು ತೆರೆದ ಶಾಲೆಗೆ ಎಣ್ಣೆ ಹೊಯ್ಯುವವರು ವಿರಳ.

ಮನ್ನಣೆ ಮತ್ತು ಜೀವನಾಧಾರ

ವೃತ್ತಿಗಿಂತ ಭಿನ್ನವಾದದ್ದು ಮನ್ನಣೆ. ವೇಮುಲವಾಡದ ಅರಿಕೇಸರಿ ಪಂಪನಿಗೆ ಧರ್ಮಪುರದ ಅಗ್ರಹಾರವನ್ನು ಕೊಟ್ಟದ್ದು, ಚಾಲುಕ್ಯ ತೈಲಪ ರನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದನ್ನು ಕೊಟ್ಟದ್ದು ಈ ವರ್ಗಕ್ಕೆ ಸೇರುತ್ತವೆ. ಇವು ಆಗಿಹೋದ ಸಾಧನೆಗೆ ಸಂದ ಗೌರವಗಳು. ಖಂಡಿಕದ ಭೂಮಿ ಹಾಗಲ್ಲ. ಅದು ಮುಂದೆ ಆಗಬೇಕಾದ ಕೆಲಸಕ್ಕೆ ಮುಂಚಿತವಾಗಿ ಕೊಟ್ಟ ಬೆಂಬಲ. ಗೌರವ ವ್ಯಕ್ತಿಯೊಂದಿಗೆ ಹೋಗುತ್ತದೆ, ವೃತ್ತಿ ಸ್ಥಾನದಲ್ಲಿ ಉಳಿಯುತ್ತದೆ. ಸಾಲೋಟಗಿಯ ಉಪಾಧ್ಯಾಯನ 50 ನಿವರ್ತನ ಭೂಮಿ ಆ ಪೀಠದಲ್ಲಿ ಯಾರು ಕುಳಿತರೂ ಅವರದು. ಆದುದರಿಂದಲೇ ಇಂಥ ಶಾಸನಗಳಲ್ಲಿ ಎಷ್ಟೋ ವೇಳೆ ಉಪಾಧ್ಯಾಯನ ಹೆಸರೇ ಇಲ್ಲ. ದಾನಿಯ ವಂಶಾವಳಿ ಸಾಲುಸಾಲಾಗಿ ಬರುತ್ತದೆ, ಕಲಿಸಿದವನು ‘ಉಪಾಧ್ಯಾಯ’ ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತಾನೆ. ಅನ್ನವಿತ್ತು, ಹೆಸರಿರಲಿಲ್ಲ.

ಬಳ್ಳಾರಿ, 1823

ಈ ವ್ಯವಸ್ಥೆ ಎಂದು, ಹೇಗೆ ಕುಸಿಯಿತು ಎಂಬುದಕ್ಕೆ ಕನ್ನಡ ಸೀಮೆಯಿಂದಲೇ ಬಂದ ಒಂದು ದಾಖಲೆ ಇದೆ. 1813ರ ಸನ್ನದು ಕಾಯಿದೆ ಭಾರತದಲ್ಲಿ ವಿದ್ಯೆಯ ಪುನರುಜ್ಜೀವನಕ್ಕಾಗಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯನ್ನು ತೆಗೆದಿಡಬೇಕೆಂದಿತು. ಹಳ್ಳಿಯ ಶಾಲೆಗೆ ಅದರಿಂದ ಆದ ಪ್ರಯೋಜನ ಅತ್ಯಲ್ಪ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳ ಶಾಲೆಗಳ ವಿವರವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ವಿಸ್ತಾರವಾದ ವರದಿಯನ್ನು ಕಳುಹಿಸಿದನು. ಈತ ತೆಲುಗು ವ್ಯಾಕರಣವನ್ನು ಬರೆದ ವಿದ್ವಾಂಸ. ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡದ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಸಂಸ್ಕೃತದವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಹುಡುಗಿಯರ ಸಂಖ್ಯೆ ಕೇವಲ 60.

ಈ ಅಂಕಿಗಳಿಗಿಂತ ಕ್ಯಾಂಬೆಲ್ ಬರೆದ ಒಂದು ಮಾತು ಹೆಚ್ಚು ತೂಕದ್ದು. ಇಷ್ಟು ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದಿಂದ ಯಾವ ನೆರವೂ ದೊರೆಯುತ್ತಿಲ್ಲವೆಂದು ಹೇಳಿಕೊಳ್ಳಲು ತನಗೆ ನಾಚಿಕೆಯಾಗುತ್ತದೆಂದು ಆತ ಒಪ್ಪಿಕೊಂಡಿದ್ದಾನೆ. ಹಿಂದಿನ ಅರಸರು ವಿದ್ವಾಂಸರಿಗೆ ಬಿಟ್ಟಿದ್ದ ಉತ್ಪತ್ತಿಗಳ ಹಿಂದೆ ವಿದ್ಯೆಯನ್ನು ಕಲಿಸಬೇಕೆಂಬ ಅಲಿಖಿತ ಷರತ್ತು ಇತ್ತೆಂದೂ, ಕಂಪನಿಯ ಆಳ್ವಿಕೆಯಲ್ಲಿ ಉತ್ಪತ್ತಿ ಉಳಿದು ಷರತ್ತು ಮರೆತುಹೋಯಿತೆಂದೂ ಆತ ವಾದಿಸುತ್ತಾನೆ. ಯುರೋಪಿನ ಬಟ್ಟೆಯ ಆಮದಿನಿಂದ ನೇಕಾರಿಕೆ ಕುಗ್ಗಿ, ದೇಶದ ಹಣ ಹೊರಗೆ ಹರಿದು, ಜನ ಬಡವರಾಗಿ, ಮಕ್ಕಳನ್ನು ಶಾಲೆಗೆ ಕಳುಹಿಸಲಾರದೆ ಹೋದರೆಂದೂ ಬರೆದಿದ್ದಾನೆ. ಸಾಲೋಟಗಿಯ ಶಾಸನದಲ್ಲಿ ಕಲ್ಲಿನ ಮೇಲೆ ಕೆತ್ತಿದ್ದ ಷರತ್ತು ಅನಂತರದ ಸನದುಗಳಲ್ಲಿ ಬರೆಯದ ನಂಬಿಕೆಯಾಗಿ ಉಳಿದಿತ್ತು. ಬರೆಯದಿದ್ದುದನ್ನು ಹೊಸ ಆಡಳಿತ ಓದಲಿಲ್ಲ. ಉಪಾಧ್ಯಾಯನು ವಿದ್ಯಾರ್ಥಿಗಳು ಕೊಡುವ ತಿಂಗಳ ಸಣ್ಣ ಕಾಸಿಗೆ ಕೈಯೊಡ್ಡಿದ ‘ಕೂಲಿಮಠ’ದ ಅಯ್ಯನಾದನು. ‘ಕೂಲಿ’ ಮತ್ತು ‘ಮಠ’ ಎಂಬ ಎರಡು ಪದಗಳ ಜೋಡಣೆಯಲ್ಲಿಯೇ ಈ ಇಳಿತದ ಕಥೆಯಿದೆ.

1854ರ ವುಡ್ ನಿರೂಪದಿಂದ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿ ಬಂದಿತು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿ, ಹಳ್ಳಿಯ ಮಠಗಳ ಉಪಾಧ್ಯಾಯರನ್ನೇ ತರಬೇತಿಗೊಳಿಸಿ ಸಂಬಳದ ವ್ಯವಸ್ಥೆಯೊಳಕ್ಕೆ ತರಲು ಯತ್ನಿಸಿದನು. ಶಾಲೆಗಳ ತನಿಖೆಗಾಗಿ ಊರೂರು ಸುತ್ತಿದ ಇದೇ ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಹೊರತಂದನು. ತಾಳಗುಂದ, ಬಳ್ಳಿಗಾವೆ, ಮಾಯಿಲಂಗೆಗಳ ವಿದ್ಯಾದಾನದ ಶಾಸನಗಳು ಬೆಳಕಿಗೆ ಬಂದದ್ದು ಆ ಸಂಪುಟಗಳಿಂದ. ಹೊಸ ಶಾಲೆಗಳಿಗೆ ಸಹಾಯಧನವನ್ನು ಹಂಚಿದ ಕೈಯೇ ಹಳೆಯ ಶಾಲೆಗಳ ದತ್ತಿಪತ್ರಗಳನ್ನು ಓದಿತು.

ಇಂದಿನ ಬಿನ್ನಪ

ಸ್ವಾತಂತ್ರ್ಯಾನಂತರ ಉಪಾಧ್ಯಾಯರ ವೇತನ ಸರ್ಕಾರದ ಹೊಣೆಯಾಯಿತು. ಹಳೆಯ ವೃತ್ತಿಯ ಸ್ಥಾನವನ್ನು ಸಂಬಳ ತುಂಬಿತು. ಹಳೆಯ ಬಿರುದಿನ ಸ್ಥಾನವನ್ನು ಪ್ರಶಸ್ತಿ ತುಂಬಿತು. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಲ್ಲಿ ಆರಂಭವಾಯಿತು. 1962ರಿಂದ ಸೆಪ್ಟೆಂಬರ್ 5 ಶಿಕ್ಷಕರ ದಿನಾಚರಣೆಯಾಯಿತು. ಅದೇ ವರ್ಷ ಶಿಕ್ಷಕರ ಕಲ್ಯಾಣಕ್ಕಾಗಿ ರಾಷ್ಟ್ರೀಯ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. 2018ರಲ್ಲಿ ರಾಷ್ಟ್ರೀಯ ಪ್ರಶಸ್ತಿಯ ನಿಯಮಗಳನ್ನು ಬದಲಿಸಿ, ಶಿಕ್ಷಕರು ತಮ್ಮ ಹೆಸರನ್ನು ತಾವೇ ಸೂಚಿಸಿ ಅರ್ಜಿ ಸಲ್ಲಿಸುವ ಅವಕಾಶವನ್ನು ಕೊಡಲಾಯಿತು. ಪ್ರಶಸ್ತಿಯೊಂದಿಗೆ 50,000 ರೂಪಾಯಿ ಮತ್ತು ಬೆಳ್ಳಿಯ ಪದಕ ಸಲ್ಲುತ್ತವೆ. ಶಾಸನಕಾಲದ ಅನಾಮಿಕ ಉಪಾಧ್ಯಾಯನಿಗೆ ಇಲ್ಲದಿದ್ದ ಹೆಸರು ಇಲ್ಲಿ ದೊರೆಯುತ್ತದೆ. ಇದು ಸಣ್ಣ ಬದಲಾವಣೆಯಲ್ಲ.

ಆದರೆ ವೇತನಕ್ಕೂ ಪ್ರಶಸ್ತಿಗೂ ನಡುವೆ ಹಳೆಯ ದಾನಪತ್ರದ ಮೂರನೆಯ ವರ್ಗವೊಂದು ಬರಿದಾಗಿ ಉಳಿದಿದೆ. ದೀಪದ ಭೂಮಿ, ಗ್ರಂಥಭಂಡಾರಿಗನ ಭೂಮಿ, ಅಡುಗೆಯವನ ಪಾಲು ಇವು ವೇತನವೂ ಅಲ್ಲ, ಗೌರವವೂ ಅಲ್ಲ. ತರಗತಿಯ ಕೆಲಸಕ್ಕೇ ಬಿಟ್ಟವು. ಅಡುಗೆಯ ಪಾಲನ್ನು ಮಧ್ಯಾಹ್ನದ ಬಿಸಿಯೂಟ ತುಂಬಿದೆ. ಉಳಿದವುಗಳಿಗಾಗಿ, ಒಂದು ಪ್ರಯೋಗದ ಸಲಕರಣೆಗೆ, ಒಂದು ಕಪಾಟಿನ ಪುಸ್ತಕಕ್ಕೆ, ಒಂದು ಕ್ಷೇತ್ರದರ್ಶನಕ್ಕೆ ಇಂದಿನ ಶಿಕ್ಷಕನು ದಾನಿಗಳ ಬಳಿಗೂ ಹಳೆಯ ವಿದ್ಯಾರ್ಥಿಗಳ ಬಳಿಗೂ ಸಂಸ್ಥೆಗಳ ಬಳಿಗೂ ಬಿನ್ನಪವನ್ನು ಹೊತ್ತು ಹೋಗುತ್ತಾನೆ. ಹಿಂದೆ ಬಿನ್ನಪವನ್ನು ಮಾಡುತ್ತಿದ್ದವರು ಬಹುಮಟ್ಟಿಗೆ ಮಹಾಜನರು ಮತ್ತು ಅಧಿಕಾರಿಗಳು. ಈಗ ಅದು ಕಲಿಸುವವನ ಮೇಲೆಯೇ ಬಿದ್ದಿದೆ. ಬಿನ್ನಪ ಬರೆಯುವ ಕಲೆ ಬಲ್ಲವನ ಶಾಲೆಗೆ ನೆರವು ಹರಿದು, ಕಲಿಸುವ ಕಲೆಯನ್ನು ಮಾತ್ರ ಬಲ್ಲವನ ಶಾಲೆ ಬರಿದಾಗಿ ಉಳಿಯುವ ಸಂಭವ ಇದರಲ್ಲಿದೆ.

ಪ್ರಾಚೀನ ವ್ಯವಸ್ಥೆಯನ್ನು ಆದರ್ಶವೆಂದು ಎತ್ತಿಹಿಡಿಯುವಾಗ ಅದರ ಮಿತಿಯನ್ನು ಮರೆಯಬಾರದು. ಅಗ್ರಹಾರದ ಖಂಡಿಕಗಳಲ್ಲಿ ಉಂಡು ಓದಿದವರು ಬಹುಪಾಲು ಒಂದೇ ವರ್ಣದ ಹುಡುಗರು. ಭೂಮಿಯನ್ನು ಉತ್ತು ಬಿತ್ತಿ ಆ 500 ನಿವರ್ತನದ ಫಲವನ್ನು ಬೆಳೆದವರ ಮಕ್ಕಳು ಆ 27 ಮನೆಗಳಲ್ಲಿ ಇರಲಿಲ್ಲ. ಅತ್ತಿಮಬ್ಬೆ, ಮಲ್ಲಿಕಬ್ಬೆಯರು ಗ್ರಂಥವನ್ನು ಬರೆಯಿಸಿ ಕೊಟ್ಟರು. ಹೆಣ್ಣುಮಕ್ಕಳಿಗಾಗಿಯೇ ಬಿಟ್ಟ ಖಂಡಿಕ ಈ ಶಾಸನಗಳಲ್ಲಿ ಕಾಣುವುದಿಲ್ಲ. ಎಲ್ಲ ಮಕ್ಕಳಿಗೂ ಶಾಲೆಯೆಂಬುದು ಹೊಸಕಾಲದ ಗಳಿಕೆ. ಅದರ ಮುಂದೆ ಹಳೆಯ ಘಟಿಕೆಗಳ ವೈಭವ ಕಿರಿದು.

ಆದರೂ ಆ ದಾನಪತ್ರಗಳಿಂದ ಕಲಿಯಬೇಕಾದುದು ಇದೆ. ನೆರವನ್ನು ಬಾಬುವಾರು ವಿಂಗಡಿಸಿ ಕೊಡಬೇಕು. ಅದರ ಉದ್ದೇಶವನ್ನು ಎಲ್ಲರೂ ಓದುವಂತೆ ಬರೆದಿಡಬೇಕು. ಅದರ ಪಾಲನೆಗೆ ಊರಿನವರೇ ಹೊಣೆಯಾಗಬೇಕು. ಪುಸ್ತಕದೊಂದಿಗೆ ಪುಸ್ತಕ ಕಾಯುವವನನ್ನೂ ಪೋಷಿಸಬೇಕು. ಸಾಲೋಟಗಿಯ ಮಹಾಜನರು ತಮ್ಮ ಮನೆಯ ಮದುವೆಯಲ್ಲಿ ಶಾಲೆಗೆ ಐದು ಪುಷ್ಪಗಳನ್ನು ಎತ್ತಿಡುವಾಗ ಅದನ್ನು ಔದಾರ್ಯವೆಂದು ಎಣಿಸಿರಲಾರರು. ಶಾಸನದ ಮಾತಿನಲ್ಲಿ ಅದು ಊರಿನ ಕಟ್ಟಳೆ.